ನಲವತ್ತೊಂದು ಸೋನರುಖ

ಜೂನ್ 12, ಬುಧವಾರ

ಮತ್ತೆ ಅದೇ. ನಲವತ್ತೊಂದು ಸ್ಯಾಂಪಲ್, ನಲವತ್ತೊಂದಕ್ಕೂ ಒಂದೇ ಡಿಎನ್‌ಎ. ಮೂರನೇ ಸಲ. ಕೆಮಿಕಲ್ ಬದಲಿಸಿ ಆಯಿತು, ಮಷೀನ್ ಬದಲಿಸಿ ಆಯಿತು. ಇನ್ನು ಬದಲಿಸಬೇಕಾದದ್ದು ನನ್ನ ತಲೆ.

ಬೇರೆ ಬೇರೆ ಬೀಜದಿಂದ ಎದ್ದ ಮರಗಳು ಅಣ್ಣತಮ್ಮಂದಿರ ಹಾಗೆ. ಹೋಲಿಕೆ ಇರುತ್ತದೆ, ಅಚ್ಚು ಹಾಕಿದ ಹಾಗೆ ಇರುವುದಿಲ್ಲ. ಇವು ಅಚ್ಚು ಹಾಕಿದ ಹಾಗಿವೆ.

ತಪ್ಪು ಎಲ್ಲಿ ಆಯಿತೆಂದು ಗೊತ್ತು. ವಾಘಜಾಯಿ ದೇವಿಯ ಬನದಲ್ಲಿ ಮರದಿಂದ ಎಲೆ ಕೀಳುವಂತಿಲ್ಲ. ತಾನಾಗಿ ಉದುರಿದ್ದನ್ನು ಆರಿಸಿಕೊಳ್ಳಬಹುದು. ಊರವರ ಕಣ್ಣಲ್ಲಿ ಒಳ್ಳೆಯವನಾಗುವ ಹುಕಿಯಲ್ಲಿ, ಪ್ರತಿ ಸೋನರುಖ ಮರದ ಬುಡದಲ್ಲಿ ಬಿದ್ದ ಎಲೆಯನ್ನೇ ಎತ್ತಿ ಚೀಲಕ್ಕೆ ಹಾಕಿ, ನಂಬರ್ ಬರೆದು ತಂದೆ. ಗಾಳಿಗೆ ಎಲೆ ಎಲ್ಲಿಂದ ಎಲ್ಲಿಗೂ ಹೋಗುತ್ತದೆ. ಪಿಎಚ್‌ಡಿ ಆರನೇ ವರ್ಷದ ಬಸವಪ್ರಭುವಿಗೆ ಅಷ್ಟು ಹೊಳೆಯಲಿಲ್ಲ. ಡಿಸೆಂಬರ್ ಕೊನೆಗೆ ರಿಜಿಸ್ಟ್ರೇಶನ್ ಮುಗಿಯುತ್ತದೆ. ಇನ್ನೊಂದು ಎಕ್ಸ್‌ಟೆನ್ಶನ್ ಇಲ್ಲ.

ಜೂನ್ 13

ಮಧುಕರ ಸರ್‌ಗೆ ತೋರಿಸಿದೆ. ನನ್ನ ಗೈಡ್. ನಕ್ಕುಬಿಟ್ಟರು.

"ಅರೇ ಬಸು, ಒಂದೇ ಮರದ ಎಲೆ ಬನವೆಲ್ಲ ಹಾರಾಡಿದೆ. ಹೋಗು, ತಾಜಾ ಎಲೆ ತಗೊಂಡು ಬಾ."

ಸೋನರುಖ ಅಂದರೆ ಅವರು, ಅವರು ಅಂದರೆ ಸೋನರುಖ. ಹದಿನೈದು ವರ್ಷದ ಹಿಂದೆ ಈ ಬನವನ್ನು ಕಂಡುಹಿಡಿದು, ಜಗತ್ತಿನಲ್ಲಿ ಈ ಮರ ಉಳಿದಿರುವುದು ಇಲ್ಲಿ ಮಾತ್ರ, ಒಟ್ಟು ನಲವತ್ತೊಂದು ಎಂದು ಪೇಪರ್ ಬರೆದವರು. ಆಮೇಲೆ ಚಾಕಣದ ಒಂದು ಕಂಪನಿ ಪ್ಲಾಟಿನ ಮೂಲೆಯಲ್ಲಿ ಇನ್ನೆರಡು ಸಿಕ್ಕವು. ಅವನ್ನು ಕಂಡದ್ದು ನಾನು. ಅವೆರಡರ ಡಿಎನ್‌ಎ ಬೇರೆ ಬೇರೆ, ಬನದ್ದಕ್ಕೂ ಬೇರೆ. ಆರು ವರ್ಷದಲ್ಲಿ ನನ್ನದು ಅಂತ ಹೇಳಿಕೊಳ್ಳುವುದು ಅಷ್ಟೇ.

ಜೂನ್ 23, ಭಾನುವಾರ

ನಾವಿರುವ ಈ ಮರಾಠಿ ಊರಿಗೆ ವಿಜಯಪುರದಿಂದ ಅಪ್ಪನ ಕಡೆಯವರು ಬಂದಿದ್ದರು. ಎರಡು ಕೋಣೆಯ ಮನೆ, ಓಡಿಹೋಗಲು ಜಾಗ ಇಲ್ಲ. ಪಾತ್ರೆಗಳ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ.

"ಪ್ರಭು ಏನ ಮಾಡ್ತಾನ್ರಿ ಈಗ?"

ಅವ್ವ — "ಗಿಡದ್ದು ರಕ್ತ ತಪಾಸಣಿ ಮಾಡ್ತಾನ್ರಿ. ಭಾಳ ದೊಡ್ಡ ಸಾಲಿ ಅದ."

"ಇನ್ನೂ ಮುಗೀವಲ್ದೇನ್ರಿ?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಆ ಗಿಡಾನ ಇಷ್ಟೊತ್ತಿಗೆ ಹಣ್ಣ ಬಿಡ್ತಿತ್ತು ನೋಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪನಿಗೆ ಅರವತ್ತಮೂರು. ಇನ್ನೂ ಕಬ್ಬಿಣದ ವ್ಯಾಪಾರಿಯ ಆಫೀಸಿಗೆ ಹೋಗಿ ಬಿಲ್ ಬರೆಯುತ್ತಾನೆ. ಬಿಟ್ಟುಬಿಡು ಅನ್ನಲು ನನಗೆ ಬಾಯಿಲ್ಲ.

ಜುಲೈ 9, ಮಂಗಳವಾರ

ಪಾಂಗಾರವಾಡಿ, ಬನ ಇರುವ ಊರು. ಎರಡು ಬಸ್ಸು, ಆಮೇಲೆ ಕೆಸರಿನಲ್ಲಿ ನಡಿಗೆ. ದತ್ತು ಗುಡಿಯಲ್ಲೇ ಇದ್ದ. ವಾಘಜಾಯಿಯ ಪೂಜಾರಿ, ನನ್ನ ವಯಸ್ಸಿನವನೇ. ಅರಣ್ಯ ಇಲಾಖೆಯ ಪರ್ಮಿಶನ್ ಮುಂದೆ ಹಿಡಿದೆ. ಪೂರ್ತಿ ಓದಿ, ಮಡಚಿ, ವಾಪಸ್ ಕೊಟ್ಟ.

"ಇದು ಸರ್ಕಾರದ್ದಾಯಿತು. ವಾಘಜಾಯಿ ಆಯಿಯದ್ದು?"

ಎಲೆ ಕೀಳಬೇಕೆಂದರೆ ಕೌಲ ಕೇಳಬೇಕಂತೆ. ದೇವಿಯ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಹೂಂ. ಎಡದ್ದು ಬಿದ್ದರೆ ಇಲ್ಲ.

ಕೂತೆವು. ಹೊರಗೆ ಜಿಟಿಜಿಟಿ. ಕಾಲು ಜೋಮು ಹಿಡಿಯಿತು. ಕೊನೆಗೆ ಎಡದ್ದು ಬಿತ್ತು.

ಸಿಟ್ಟು ನೆತ್ತಿಗೇರಿತು. ಒಂದು ಎಸಳಿನ ಮೇಲೆ! ಎಡಗಡೆ ಬಾಗಿಲಿದೆ, ಗಾಳಿ ಬರುತ್ತದೆ, ಅಂದೆ. ದತ್ತು ಬೇಜಾರು ಮಾಡಿಕೊಳ್ಳಲಿಲ್ಲ. "ಬರಲಿ ಬಿಡು. ಮುಂದಿನ ಮಂಗಳವಾರ ಇನ್ನೊಂದು ಸಲ ಕೇಳೋಣ," ಅಂದು ಚಹಾ ಕೊಟ್ಟ.

ಜುಲೈ 16, ಮಂಗಳವಾರ

ಮತ್ತೆ ಎಡ.

ಬಸ್ ಸ್ಟಾಪಿನಿಂದ ಸರ್‌ಗೆ ಫೋನ್ ಮಾಡಿದೆ. "ಯಾರು ನೋಡ್ತಾರೋ? ಹಿಂದಿನಿಂದ ಹೋಗಿ ಕಿತ್ತುಕೊಂಡು ಬಾ." ನಲವತ್ತೊಂದು ಎಲೆ, ಅರ್ಧ ತಾಸಿನ ಕೆಲಸ. ಹೋಗಲಿಲ್ಲ. ಭಕ್ತಿ ಅಲ್ಲ. ಆ ಊರವರ ಮನೆಯಲ್ಲಿ ನಾಲ್ಕು ವರ್ಷ ಉಂಡಿದ್ದೇನೆ, ನಾಚಿಕೆ ಅಷ್ಟೇ.

ಜುಲೈ 23, ಮಂಗಳವಾರ

ಬಲ! ದತ್ತುವಿಗಿಂತ ಮೊದಲು ನಾನೇ ಕೂಗಿದೆ.

ಷರತ್ತು — ಬರಿಗಾಲು, ಮರಕ್ಕೆ ಒಂದೇ ಎಲೆ, ಕಿತ್ತ ಮೇಲೆ ಆ ಮರಕ್ಕೆ ಕೈ ಮುಗಿಯಬೇಕು. ಎಲ್ಲ ಮಾಡಿದೆ. ಮುಳ್ಳು ಚುಚ್ಚಿ ಕಾಲು ಊದಿದೆ. ನಲವತ್ತೊಂದು ಚೀಲ, ಈ ಸಲ ಗಾಳಿಯ ಕಾರಣ ಇಲ್ಲ.

ಹಿಂದಿರುಗುವಾಗ ದತ್ತು ಕೇಳಿದ, "ನಮ್ಮ ಮರಗಳು ಚೆನ್ನಾಗಿವೆಯಾ?" ರಿಸಲ್ಟ್ ಬಂದ ಮೇಲೆ ಹೇಳುತ್ತೇನೆ ಅಂದೆ.

ಆಗಸ್ಟ್ 14, ಬುಧವಾರ

ಒಂದು.

ಗಾಳಿಯ ತಪ್ಪಲ್ಲ. ನನ್ನ ತಪ್ಪಲ್ಲ. ಬನದಲ್ಲಿರುವುದು ಒಂದೇ ಮರ. ಎಂದೋ ಒಂದು ಸೋನರುಖ ಬೇರಿನಿಂದ ಮರಿ ಚಿಗುರಿಸುತ್ತಾ ಹೋಗಿದೆ, ಮರಿಗಳು ದೊಡ್ಡವಾಗಿವೆ, ತಾಯಿ ಯಾವುದೆಂದು ಈಗ ಯಾರಿಗೂ ಗೊತ್ತಾಗದು. ಮೇಲೆ ನಲವತ್ತೊಂದು, ಕೆಳಗೆ ಒಂದು.

ಬನದ ಹಣ್ಣಿನಲ್ಲಿ ಇಷ್ಟು ವರ್ಷ ಒಂದೂ ಬೀಜ ಸಿಗದಿದ್ದುದಕ್ಕೂ ಇದೇ ಉತ್ತರ. ತನ್ನ ಪರಾಗ ತನಗೇ ಆಗದ ಜಾತಿ ಇದು. ಬೇರೆ ಮರದ ಪರಾಗ ಬಿದ್ದರೆ ಮಾತ್ರ ಕಾಳು ಕಟ್ಟುತ್ತದೆ. ಆ ಬೇರೆ ಮರ ಇರುವುದು ಚಾಕಣದಲ್ಲಿ. ಅಲ್ಲಿಂದ ಪರಾಗ ತಂದರೆ ಇದಕ್ಕೆ ಮಕ್ಕಳಾಗುತ್ತವೆ. ತರದಿದ್ದರೆ ಒಂದು ಕೀಟ, ಒಂದು ರೋಗ ಸಾಕು — ಒಂದು ಮರಕ್ಕೆ ಬಂದದ್ದು ನಲವತ್ತೊಂದಕ್ಕೂ ಬರುತ್ತದೆ.

ಮೊದಲ ಸಲ ನನ್ನ ಥೀಸಿಸ್‌ನಲ್ಲಿ ಹೇಳುವಂಥದ್ದು ಏನೋ ಇದೆ ಅನ್ನಿಸಿತು. ಖುಷಿಯಾಯಿತು. ಖುಷಿಯಾದದ್ದಕ್ಕೆ ಕಸಿವಿಸಿಯೂ ಆಯಿತು.

ಆಗಸ್ಟ್ 16, ಶುಕ್ರವಾರ

ಸರ್ ಈ ಸಲ ನಗಲಿಲ್ಲ. ಎದ್ದು ಬಾಗಿಲು ಹಾಕಿದರು.

"ಯಾರಿಗೆ ಹೇಳಿದ್ದೀಯ?"

ಯಾರಿಗೂ ಇಲ್ಲ.

ಬನದ ನಡುವೆ ಒಂದು ರಸ್ತೆ ಬರಬೇಕಿದೆ, ಮೇಲಿನ ರೆಸಾರ್ಟಿಗೆ. ಊರವರು ಕೇಸು ಹಾಕಿದ್ದಾರೆ. ರಸ್ತೆ ತಡೆದು ನಿಲ್ಲಿಸಿರುವುದು ಸರ್ ಬರೆದುಕೊಟ್ಟ ರಿಪೋರ್ಟು, ಅದರಲ್ಲಿರುವ ಆ ಸಂಖ್ಯೆ. ಇಷ್ಟು ನನಗೆ ಗೊತ್ತಿತ್ತು. ರಸ್ತೆಯವರ ವಕೀಲ ಏನು ಹೇಳುತ್ತಿದ್ದಾನೆ ಎಂಬುದು ಗೊತ್ತಿರಲಿಲ್ಲ. ಒಂದೆರಡು ಮರವಾಗಿದ್ದರೆ ಬೇರುಸಹಿತ ಕ್ರೇನಿನಲ್ಲಿ ಎತ್ತಿ ಬೇರೆ ಕಡೆ ನೆಡುತ್ತಿದ್ದೆವು ಅನ್ನುತ್ತಿದ್ದಾನಂತೆ.

"ಒಂದು ಅಂತ ನೀನು ಬರೆದರೆ, ನಾಳೆಯೇ ಕ್ರೇನ್ ಬರುತ್ತೆ ಬಸು, ಒಂದನ್ನು ಎತ್ತಿ ಉಳಿದ ನಲವತ್ತನ್ನು ಕಡೀತಾರೆ. ಎತ್ತಿ ನೆಟ್ಟದ್ದು ಬದುಕುತ್ತೆ ಅಂದುಕೊಂಡಿದ್ದೀಯಾ?"

ಬದುಕುವುದಿಲ್ಲ. ನನಗೂ ಗೊತ್ತು.

"ಬನದ ಚಾಪ್ಟರ್ ತೆಗೆದುಬಿಡು. ಉಳಿದ ಮೂರು ಸಾಕು. ನಾನು ಸಹಿ ಹಾಕ್ತೀನಿ. ಡಿಸೆಂಬರಿನಲ್ಲಿ ಸಬ್‌ಮಿಟ್ ಮಾಡು, ಮನೆಯವರೂ ಖುಷಿಯಾಗ್ತಾರೆ."

ಅವರ ಹೆಸರು ಉಳಿಸಿಕೊಳ್ಳಲು ಹೇಳುತ್ತಿದ್ದಾರೋ, ಮರ ಉಳಿಸಲು ಹೇಳುತ್ತಿದ್ದಾರೋ... ಕೇಳಬೇಕೆಂದಿದ್ದೆ. ಅವರು ಆಗಲೇ ಬಾಗಿಲು ತೆರೆದಿದ್ದರು. ಎರಡೂ ಇರಬೇಕು.

ಆಗಸ್ಟ್ 17

ಹೇಳಿದರೆ ಈ ವರ್ಷ ಸಾಯುತ್ತದೆ. ಹೇಳದಿದ್ದರೆ ನಿಧಾನಕ್ಕೆ ಸಾಯುತ್ತದೆ. ಚೆನ್ನಾಗಿದೆ.

ಸೆಪ್ಟೆಂಬರ್ 8, ಭಾನುವಾರ

ಬೀದಿಯಲ್ಲಿ ಗಣಪತಿಯ ಡೋಲು. ಹಾಲ್‌ನಲ್ಲಿ ಮಲಗುವವನು ನಾನು, ಕಿಟಕಿ ಬೀದಿಗೇ ಇದೆ. ಬೆಳಿಗ್ಗೆ ಅವ್ವ ಮೋದಕ ಮಾಡುತ್ತಾ ಕೇಳಿದಳು, "ಯಾಕೋ ಪ್ರಭು, ಊಟ ಬರೋಬರಿ ಮಾಡವಲ್ಲಿ? ಸಾಲ್ಯಾಗ ಯಾರರೆ ಏನರೆ ಅಂದರೇನು?"

ಹೇಳಿಬಿಟ್ಟೆ. ಒಂದೇ ಮರ ಅನ್ನುವುದನ್ನಲ್ಲ. ಒಂದು ಖರೇ ಮಾತು ಹೇಳಿದರೆ ಒಂದು ಜೀವ ಹೋಗುತ್ತದೆ ಅಂತಿಟ್ಟುಕೋ, ಏನು ಮಾಡುತ್ತೀ ಅಂತ.

ಅವ್ವ ಕೈ ನಿಲ್ಲಿಸಲಿಲ್ಲ. "ಸುಮ್ಮನಿರಬೇಕಪ್ಪಾ. ಅದರಾಗೇನದ?" ಇನ್ನೊಂದು ಮೋದಕ ಮಡಚಿಟ್ಟು — "ಯಾರ ಜೀವೋ? ಡಾಕ್ಟರಕಿ ಓದಾಕತ್ತಿಯೇನು ಮತ್ತ?"

ಸೆಪ್ಟೆಂಬರ್ 24, ಮಂಗಳವಾರ

ಕೇಸಿಗಾಗಿ ಕೋರ್ಟು ನೇಮಿಸಿದ ಕಮಿಟಿ ಬಂತು. ಮೂರು ಜೀಪು. ಊರೆಲ್ಲ ಬನದ ಮುಂದೆ. ದತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನಾನು ಸರ್ ಹಿಂದೆ, ಫೈಲು ಹಿಡಿದುಕೊಂಡು. ಬಾಯಿ ಬಿಡುವ ಪ್ರಸಂಗ ಬರುವುದಿಲ್ಲ ಅಂದುಕೊಂಡಿದ್ದೆ.

ಕಮಿಟಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು, ಕೋಲು ಹಿಡಿದು ಒಳಗೆಲ್ಲ ಓಡಾಡಿದರು. ರಸ್ತೆಯವರ ವಕೀಲ ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ಸರ್ ಕಡೆ ನೋಡದೆ ನೇರ ನನ್ನ ಕಡೆ ತಿರುಗಿದರು. ಇಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನು ನೀನೇ ಅಲ್ಲವೇ, ನೀನೇ ಹೇಳಪ್ಪಾ, ಎಷ್ಟು ಸೋನರುಖ ಇವೆ ಇಲ್ಲಿ?

ಸರ್ ನೆಲ ನೋಡುತ್ತಿದ್ದರು. ದತ್ತು ನನ್ನನ್ನು ನೋಡುತ್ತಿದ್ದ, ಏನೂ ಭಯವಿಲ್ಲದೆ.

ನಲವತ್ತೊಂದು, ಅಂದೆ.

ಎಣಿಸಿದ್ದೀಯಾ?

ಒಂದೊಂದನ್ನೂ ಮುಟ್ಟಿದ್ದೇನೆ, ಅಂದೆ. ಅದು ಸುಳ್ಳಲ್ಲ. ಅದಕ್ಕೇ ಹೆಚ್ಚು ಚುಚ್ಚುತ್ತಿದೆ.

ಹೆಂಗಸರು ಕೈಗೆ ತೆಂಗಿನಕಾಯಿ ಕೊಟ್ಟರು, ಹಣೆಗೆ ಕುಂಕುಮ ಇಟ್ಟರು. ಸರ್ ತಮ್ಮ ಕಾರಿನಲ್ಲಿ ಮನೆಯ ತನಕ ತಂದು ಬಿಟ್ಟರು. ಇಳಿಯುವಾಗ ಭುಜ ತಟ್ಟಿದರು. ತೆಂಗಿನಕಾಯಿಯನ್ನು ಅವ್ವ ಚಟ್ನಿಗೆ ಹಾಕಿದಳು. ತಿನ್ನಲಾಗಲಿಲ್ಲ.

ಅಕ್ಟೋಬರ್ 10, ಗುರುವಾರ

ರಸ್ತೆ ರದ್ದು. ಆರ್ಡರ್ ಬಂತು. ಪೇಪರಿನಲ್ಲಿ ಸರ್ ಫೋಟೋ, ಮೂಲೆಯಲ್ಲಿ ನನ್ನ ಅರ್ಧ ಮುಖ. ಅಪ್ಪ ಆಫೀಸಿಗೆ ಒಯ್ದು ತೋರಿಸಿದನಂತೆ. "ಎಲ್ಲಾರೂ ಓದಿದರಪಾ. ಸೇಠಜಿ ಸುದ್ದಾ ಓದಿದ್ರು." ಅಪ್ಪ ನನ್ನ ಬಗ್ಗೆ ಹೀಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ದತ್ತು ಫೋನ್ ಮಾಡಿ ಅತ್ತುಬಿಟ್ಟ. ನೀನು ನಮ್ಮವನು ಬಸು, ಅಂದ.

ಡಿಸೆಂಬರ್ 19, ಗುರುವಾರ

ಥೀಸಿಸ್ ಸಬ್‌ಮಿಟ್ ಆಯಿತು. ಮೂರು ಚಾಪ್ಟರ್. ಅದರಲ್ಲಿ ಸೋನರುಖ ಬರುತ್ತದೆ, ಬನ ಬರುವುದಿಲ್ಲ. ಅವ್ವ ಹೋಳಿಗೆ ಮಾಡಿದ್ದಾಳೆ. ಆರು ವರ್ಷ ಇದಕ್ಕಾಗಿ ಒದ್ದಾಡಿದೆ, ಈಗ ಎದೆಯ ಮೇಲೆ ಕಲ್ಲು ಇಟ್ಟಂತಿದೆ.

ಉಪಾಯ ಒಂದಿದೆ. ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದೇನೆ. ಫೆಬ್ರವರಿಯಲ್ಲಿ ಎರಡೂ ಕಡೆ ಹೂ ಬಿಡುತ್ತದೆ. ಚಾಕಣದ ಎರಡು ಮರಗಳಿಂದ ಪರಾಗ ತರುತ್ತೇನೆ, ಬನದ ಹೂಗಳಿಗೆ ಬ್ರಶ್ಶಿನಲ್ಲಿ ಹಚ್ಚುತ್ತೇನೆ. ಬೀಜ ಕಟ್ಟಿದರೆ ಗಿಡಗಳಾಗುತ್ತವೆ. ಹತ್ತು ವರ್ಷ ಬಿಟ್ಟು ಅಲ್ಲಿ ನಿಜವಾಗಿ ನಲವತ್ತು, ಐವತ್ತು ಮರ. ಆಗ ನನ್ನ ಮಾತು ಸುಳ್ಳಾಗಿ ಉಳಿಯುವುದಿಲ್ಲ. ಸರ್‌ಗೂ ಹೇಳುವುದು ಬೇಡ.

ಜನವರಿ 21, ಮಂಗಳವಾರ

ನಲವತ್ತೊಂದು ಮರ ಅಂದದ್ದಕ್ಕೆ ಅರಣ್ಯ ಇಲಾಖೆಯಿಂದ ಬಹುಮಾನವೂ ಬಂತು. ಬನದ ಬೀಜದಿಂದ ಸಸಿ ಬೆಳೆಸುವ ದೊಡ್ಡ ಪ್ರಾಜೆಕ್ಟ್. ಇನ್‌ಚಾರ್ಜ್ ಯಾರು? ನಾನೇ. ಬೇಡ ಅಂದರೆ ಯಾಕೆ ಬೇಡ ಎಂದು ಹೇಳಬೇಕು.

ಹೊಸ ಜೂನಿಯರ್ ಶೀತಲ ಬಂದಿದ್ದಾಳೆ. ಚುರುಕು ಹುಡುಗಿ, ಬನದ ಗುಟ್ಟು ಏನೂ ಗೊತ್ತಿಲ್ಲ. ನನ್ನನ್ನು ದಾದಾ, ಅಂದರೆ ಅಣ್ಣ, ಅನ್ನುತ್ತಾಳೆ. ಪಾಂಗಾರವಾಡಿಯ ಹೆಂಗಸರು ಗುಡಿಯ ಹಿಂದೆ ಜಾಗ ಹಸನು ಮಾಡಿ, ಕುಂಡಗಳಿಗೆ ಮಣ್ಣು ತುಂಬಿ, ದಿನಕ್ಕೊಬ್ಬರಂತೆ ನೀರಿನ ಪಾಳಿ ಹಾಕಿಕೊಂಡಿದ್ದಾರೆ. ಖಾಲಿ ಕುಂಡಕ್ಕೆ ಈಗಲೇ ನೀರು ಹಾಕುತ್ತಿದ್ದಾರೆ, ಮಣ್ಣು ಹದವಾಗಿರಲಿ ಅಂತ.

ಶೀತಲ ಹೋದ ವರ್ಷ ಉದುರಿದ ಹಣ್ಣು ಸೀಳಿ ಸೀಳಿ ಸುಸ್ತಾದಳು. "ದಾದಾ, ಎಲ್ಲಾ ಪೊಳ್ಳು. ಇನ್ನೊಂದು ಮರದ್ದು ನೋಡಲಾ?"

ನೋಡು, ಅಂದೆ.

ಫೆಬ್ರವರಿ 18, ಮಂಗಳವಾರ

ಬನದಲ್ಲಿ ಮೊಗ್ಗು ಒಡೆದಿದೆ ಎಂದು ದತ್ತು ನಿನ್ನೆ ಹೇಳಿದ. ಬೆಳಿಗ್ಗೆಯೇ ಬ್ಯಾಗಿಗೆ ಕಾಗದದ ಚೀಲ, ಬ್ರಶ್ಶು, ಐಸಿನ ಡಬ್ಬ ಹಾಕಿಕೊಂಡು ಚಾಕಣಕ್ಕೆ ಹೊರಟೆ. ಬೈಕಿನ ಮೇಲೆ ಹಾಡು ಗುನುಗುತ್ತಿದ್ದೆ. ಇದನ್ನೂ ಬರೆದಿಡುತ್ತೇನೆ.

ಪ್ಲಾಟಿನ ತುಂಬ ಕಂಬಿ ಎದ್ದಿವೆ. ಮೂಲೆ ಗುರುತು ಸಿಗಲಿಲ್ಲ. ಎರಡು ಸಲ ಸುತ್ತು ಹಾಕಿದೆ. ಮೂಲೆ ಇತ್ತು. ಮರಗಳು ಇರಲಿಲ್ಲ. ನೆಲಸಮ ಎರಡು ಬುಡ, ಸುತ್ತ ಹೊಟ್ಟು.

ಪಕ್ಕದಲ್ಲಿ ತಗಡಿನ ಜೋಪಡಿ. ಒಬ್ಬ ಮುದುಕ ಎದ್ದು ಬಂದು, "ಕಾಯ್ ಪಾಹಿಜೆ ಸಾಹೇಬ್?" ಏನು ಬೇಕು ಅಂತ ಮರಾಠಿಯಲ್ಲಿ ಕೇಳಿದ. ಆಮೇಲೆ ಒಳಗೆ ತಿರುಗಿ, "ಏ, ನೀರು ಕೊಡು" ಅಂತ ಕನ್ನಡದಲ್ಲಿ ಕೂಗಿದ. ಯಾವ ಊರ್ರಿ, ಅಂದೆ. ಮುಖ ಅರಳಿತು.

"ಯಾದಗಿರಿ ಕಡಿಯವ್ರು ನಾವು. ತಾಯಪ್ಪಂತ್ರಿ. ನೀವು ನಮ್ಮವರಾ? ಬರ್ರಿ, ಕುಂದರ್ರಿ. ಅವ್ವಮ್ಮಾ, ಚಾ ಇಡು, ನಮ್ಮ ಮಂದಿ ಬಂದಾರ!"

ಈ ಗಿಡ ಯಾವಾಗ ಕಡಿದರು?

"ಹದಿನೈದು ದಿನ ಆತ್ರಿ. ನಾನು, ಮತ್ತ ಮೂರ ಮಂದಿ ಕೂಡಿ ಕಡದೀವಿ. ಹೂವಿನ ಮೊಗ್ಗಿ ಇತ್ತರೀ, ಕಡಿಯಾಕ ಮನಸ ಆಗಲಿಲ್ಲ. ಭಾಳ ಹಳೀ ಗಿಡ ಅದ, ಬಿಡ್ರಿ ಸಾಹೇಬ್ರ ಅಂದ್ನಿ. ಅವ್ರು ಪರ್ಮಿಶನ್ ಆಗ್ಯಾದ ಅಂದ್ರು. ಇಂಥವು ದೇವರ ಬನದಾಗ ನಲವತ್ತೊಂದ ಅದಾವಂತ. ಯಾರೋ ಓದಿದಾವ್ರು ಎಲ್ಲಾ ಗಿಡ ಮುಟ್ಟಿ ಎಣಿಸ್ಯಾರಂತ. ಎರಡ ಹೋದ್ರ ಏನೂ ಆಗಂಗಿಲ್ಲಂತ ಮ್ಯಾಲಿನವ್ರೇ ಬರದ ಕೊಟ್ಟಾರಂತ್ರಿ."

ಟೊಂಗೆಗಳು ಎಲ್ಲಿ ಅಂದೆ. ದನಿ ನನ್ನದೇ ಅನ್ನಿಸಲಿಲ್ಲ.

ಜೋಪಡಿಯ ಹಿಂದೆ ರಾಶಿ. ಮೊಗ್ಗುಗಳು ಟೊಂಗೆಗೇ ಅಂಟಿ ಒಣಗಿದ್ದವು. ಒಂದನ್ನು ಬಿಡಿಸಿದೆ, ಕಂದು ಪುಡಿ ಉದುರಿತು. ಇನ್ನೊಂದು. ಇನ್ನೊಂದು. ಪರಾಗ ಸತ್ತು ಎಷ್ಟೋ ದಿನ ಆಗಿದೆ. ಆದರೂ ಒಂದು ಚೀಲ ತುಂಬಿಕೊಂಡೆ. ಬುಡದಿಂದ ಚಿಗುರು ಬರಬಹುದು ಅಂದೆ. ತಾಯಪ್ಪ ತಲೆ ಅಲ್ಲಾಡಿಸಿದ. ನಾಳೆ ಜೆಸಿಬಿ ಬಂದು ಬೇರೂ ತೆಗೆಯುತ್ತದೆ, ಕಾಂಕ್ರೀಟ್ ಹಾಕುತ್ತಾರೆ. ಒಂದು ತುಂಡು ಬೇರು ಕೊಡುತ್ತೀರಾ ಅಂದೆ. ಹಾರೆ ತಂದು ಅಗೆದ. ಅಡಿ ಆಳ ಅಗೆದರೂ ಬೇರು ಕರ್ರಗಿತ್ತು. ಕಡಿದ ಮೇಲೆ ಬುಡಕ್ಕೆ ಏನೋ ಎಣ್ಣೆ ಸುರಿದಿದ್ದಾರಂತೆ, ಮತ್ತೆ ಚಿಗುರಬಾರದು ಎಂದು.

ಅವನ ಹೆಂಡತಿ ಅವ್ವಮ್ಮ ಅದೇ ಟೊಂಗೆ ಒಲೆಗೆ ಹಾಕಿ ಚಹಾ ಕಾಯಿಸಿದ್ದಳು. "ಯಾಕ ತಮ್ಮಾ, ಮಾರಿ ಇಷ್ಟ ಸಣ್ಣ ಮಾಡೀರಿ? ಅಲ್ಲಿ ಅಷ್ಟೊಂದು ಅದಾವಲ್ರಿ," ಅಂದಳು. ಎಣಿಸಿದವನು ನಾನೇ ಎಂದು ಹೇಳಬೇಕಿತ್ತು. ಚಹಾ ಕುಡಿದೆ. ಲೋಟ ತೊಳೆಯಲು ಹೋದೆ, ಬಿಡಲಿಲ್ಲ. ಮತ್ತೆ ಬರ್ರಿ ಅಂದರು ಇಬ್ಬರೂ.

ಹೈವೇ ಪಕ್ಕ ಬೈಕ್ ನಿಲ್ಲಿಸಿ ಅತ್ತೆ.

ಫೆಬ್ರವರಿ 20, ಗುರುವಾರ

ನಿನ್ನೆ ರಜೆ, ಮನೆಯಲ್ಲೇ ಬಿದ್ದುಕೊಂಡಿದ್ದೆ. ಇವತ್ತು ಸರ್ ರೂಮಿಗೆ ಹೋಗಿ ಹೇಳಿದೆ. ಚಾಕಣದ ಎರಡೂ ಹೋದವು.

ಸರ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಆ ಎರಡನ್ನು ಕಡಿಯಬಹುದೇ ಎಂದು ನವೆಂಬರಿನಲ್ಲಿ ಅಭಿಪ್ರಾಯ ಕೇಳಿ ಪತ್ರ ಬಂದಿತ್ತು, ಅಂದರು. ರಿಪೋರ್ಟಿನಲ್ಲಿ ಇದ್ದದ್ದನ್ನೇ ಬರೆದೆ, ಬೇರೆ ಏನು ಬರೆಯಲಿ ಅಂದರು. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ — "ಇರಲಿ ಬಸು, ನಮ್ಮ ಹತ್ತಿರ ಇನ್ನೂ ನಲವತ್ತೊಂದು..."

ಅಲ್ಲಿಗೆ ನಿಂತಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಎದ್ದು ಬಂದೆ.

ಲ್ಯಾಬಿನಲ್ಲಿ ಶೀತಲ ನರ್ಸರಿಯ ಬೋರ್ಡ್ ಬರೆಸುವ ತಯಾರಿಯಲ್ಲಿದ್ದಳು. ಊರು, ದೇವಿಯ ಹೆಸರು, ಮರದ ಹೆಸರು ಎಲ್ಲ ಚೊಕ್ಕವಾಗಿ ಬರೆದುಕೊಂಡಿದ್ದಳು. ಒಂದು ಜಾಗ ಮಾತ್ರ ಖಾಲಿ. "ದಾದಾ, ಬನದಲ್ಲಿ ಒಟ್ಟು ಎಷ್ಟು ಮರ ಅಂತ ಹಾಕಲಿ? ತಪ್ಪಬಾರದು, ನೀವೇ ಹೇಳಿ."

ಒಂದು, ಅಂದೆ.

ಬರೆದುಕೊಂಡಳು. ಮುಂದಿನ ಅಂಕಿಗೆ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಅಷ್ಟೇ, ಅಂದೆ, ಒಂದೇ ಮರ.